ಮರದ ಬಾಗು ಮತ್ತು ಅಚ್ಚು: ಒಂದು ಚಾರಿತ್ರಿಕ ಸಮೀಕ್ಷೆ

೧

ಮರದ ಪೀಠೋಪಕರಣಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅವುಗಳ ಆಕಾರ, ಅಲಂಕಾರ, ಶೈಲಿಗಳ ಕಡೆಗೆ ದೃಷ್ಟಿಯನ್ನು ಹರಿಸಿದ್ದಾರೆ. ಆ ಆಕಾರವನ್ನು ಮರಕ್ಕೆ ತಂದುಕೊಟ್ಟ ಸಾಧನ ಯಾವುದು, ಅದು ಯಾರ ವಶದಲ್ಲಿದ್ದಿತು, ಅದಕ್ಕೆ ತಗುಲಿದ ವೆಚ್ಚವನ್ನು ಹೊತ್ತವರು ಯಾರು ಎಂಬ ಪ್ರಶ್ನೆಗಳು ಅನೇಕ ವೇಳೆ ಹಿಂದೆ ಉಳಿದುಬಿಡುತ್ತವೆ. ಬಾಗಿದ ಮರದ ಕುರ್ಚಿ, ಮೇಜುಗಳ ವಿಷಯದಲ್ಲಿ ಈ ಪ್ರಶ್ನೆಗಳನ್ನು ಬಿಟ್ಟರೆ ಚರಿತ್ರೆಯ ತಿರುಳೇ ಕೈತಪ್ಪಿಹೋಗುವುದು. ಏಕೆಂದರೆ ದುಂಡಗೆ ಬಾಗಿದ ಕುರ್ಚಿಯ ಬೆನ್ನಿನ ಹಿಂದೆ ಬಹುಮಟ್ಟಿಗೆ ಒಂದು ಅಚ್ಚು ಅಡಗಿರುತ್ತದೆ. ಮರವನ್ನು ಬೇಯಿಸಿ ಅಥವಾ ಪದರಪದರವಾಗಿ ಅಂಟಿಸಿ ಆ ಅಚ್ಚಿಗೆ ಬಿಗಿದು, ಅದು ಒಣಗಿ ಸೆಟೆಯುವವರೆಗೆ ಕಾದು, ಅನಂತರ ಬಿಡಿಸಿಕೊಳ್ಳುವುದೇ ಕಳೆದ ಎರಡು ಶತಮಾನಗಳ ಮುಖ್ಯ ವಿಧಾನವಾಗಿದೆ.

ಇತ್ತೀಚಿನ ವರ್ಷಗಳಲ್ಲಿ ಅಚ್ಚಿನ ನೆರವಿಲ್ಲದೆಯೇ ಮರವನ್ನು ಬಾಗಿಸುವ ಕೆಲವು ಹೊಸ ವಿಧಾನಗಳು ಜರ್ಮನಿ, ಸ್ವಿಟ್ಜರ್ಲೆಂಡ್, ಇಸ್ರೇಲ್, ಅಮೆರಿಕ ಮುಂತಾದ ದೇಶಗಳ ಸಂಶೋಧನಾಲಯಗಳಿಂದ ಹೊರಬಂದಿವೆ. ಇವುಗಳಲ್ಲಿ ಕೆಲವನ್ನು ಸ್ಥೂಲವಾಗಿ ಪರಿಚಯಮಾಡಿಕೊಟ್ಟು, ಅವು ಹಳೆಯ ಪರಂಪರೆಯೊಡನೆ ಯಾವ ಸಂಬಂಧವನ್ನು ಹೊಂದಿವೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ನಾವು ಮುಂದೆ ತೋರಿಸಲಿರುವುದು ಇಷ್ಟು: ತೇವವನ್ನು ಹೀರಿ ಹಿಗ್ಗುವ, ಒಣಗಿ ಕುಗ್ಗುವ ಮರದ ಸಹಜ ಗುಣವನ್ನು ಬಡಗಿಯು ಬಹುಮಟ್ಟಿಗೆ ದೋಷವೆಂದು ಎಣಿಸುತ್ತ ಬಂದನು, ಅಚ್ಚು ಆ ದೋಷವನ್ನು ಅದುಮಿಡುವ ಸಾಧನಗಳಲ್ಲಿ ಪ್ರಬಲವಾದುದಾಯಿತು, ಇಂದು ಆ ದೋಷವೇ ಅಚ್ಚಿನ ಸ್ಥಾನಕ್ಕೆ ಬಂದು ಕುಳಿತಿದೆ. ಈ ಬದಲಾವಣೆಯಿಂದ ಮರಗಳ ಬೆಲೆ, ಕೆಲಸಗಾರನ ಬೆಲೆ, ತಿಳಿವಳಿಕೆಯ ಬೆಲೆ ಮೂರೂ ಮರುಪರಿಶೀಲನೆಗೆ ಒಳಗಾಗಬೇಕಾಗಿದೆ.

೨

ಮೊದಲು ಮರದ ಸ್ವಭಾವವನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯಕ. ಮರವು ಉದ್ದನೆಯ ನಾರುಗಳ ಕಟ್ಟು. ಹಸಿಯ ಮರ ಪೂರ್ಣವಾಗಿ ಒಣಗುವಾಗ ನಾರಿನ ಉದ್ದಕ್ಕೆ ಅದು ಕುಗ್ಗುವುದು ಅತ್ಯಲ್ಪ. ಸಾಮಾನ್ಯವಾಗಿ ಶೇಕಡ ಅರ್ಧಕ್ಕೂ ಕಡಮೆ. ನಾರಿಗೆ ಅಡ್ಡಲಾಗಿ ಅದು ಇದರ ಹಲವಾರು ಪಟ್ಟು ಕುಗ್ಗುತ್ತದೆ. ಈ ಅಡ್ಡ ಕುಗ್ಗುವಿಕೆಯಲ್ಲಿಯೂ ಎರಡು ಬಗೆಯುಂಟು. ಬೆಳವಣಿಗೆಯ ಉಂಗುರಗಳ ಜಾಡಿನಲ್ಲಿ ಆಗುವ ಕುಗ್ಗುವಿಕೆಯು, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗುವಿಕೆಯ ಹೆಚ್ಚುಕಡಮೆ ಎರಡರಷ್ಟು. ದಿಮ್ಮಿಯಿಂದ ಸೀಳಿದ ಹಲಗೆ ಒಣಗುತ್ತ ಬಂದಂತೆ ಸೊಟ್ಟಗಾಗುವುದಕ್ಕೆ ಮುಖ್ಯ ಕಾರಣ ಈ ವ್ಯತ್ಯಾಸವೇ ಆಗಿದೆ. ಹಲಗೆಯ ಮೇಲಿನ ಉಂಗುರಗಳ ಕಮಾನು ನೇರವಾಗಲು ಹವಣಿಸುವುದೋ ಎಂಬಂತೆ, ತಿರುಳಿನ ಮಗ್ಗುಲು ಉಬ್ಬಿ ತೊಗಟೆಯ ಮಗ್ಗುಲು ತಗ್ಗುತ್ತದೆ. ಆದುದರಿಂದಲೇ ಹಲಗೆಗಳನ್ನು ಜೋಡಿಸಿ ಅಗಲವಾದ ಮೇಜನ್ನು ಮಾಡುವ ಅನುಭವಶಾಲಿಯಾದ ಬಡಗಿ ಒಂದು ಹಲಗೆಯ ತಿರುಳಿನ ಮಗ್ಗುಲನ್ನು ಮೇಲಕ್ಕೂ ಪಕ್ಕದ ಹಲಗೆಯದನ್ನು ಕೆಳಕ್ಕೂ ಇಡುತ್ತಾನೆ. ಒಂದರ ಸೊಟ್ಟು ಮತ್ತೊಂದರ ಸೊಟ್ಟಿಗೆ ಪರಿಹಾರವಾಗುತ್ತದೆ.

ಬಾಗಿಸುವ ವಿಷಯಕ್ಕೆ ಬಂದರೆ ಮತ್ತೊಂದು ಸ್ವಭಾವವನ್ನು ಗಮನಿಸಬೇಕು. ಕೋಲನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗಬೇಕು, ಒಳಮೈ ಒತ್ತಿಕೊಳ್ಳಬೇಕು. ಹಬೆಯಲ್ಲಿ ಬೆಂದ ಮರದ ನಾರುಗಳು ಉದ್ದಕ್ಕೆ ಶೇಕಡ ೧ ಅಥವಾ ೨ ರಷ್ಟು ಮಾತ್ರ ಹಿಗ್ಗಬಲ್ಲವು. ಆದರೆ ಶೇಕಡ ೨೫ ರವರೆಗೂ, ಕೆಲವು ಜಾತಿಗಳಲ್ಲಿ ಅದಕ್ಕಿಂತ ಹೆಚ್ಚಾಗಿಯೂ, ಒತ್ತಿಕೊಳ್ಳಬಲ್ಲವು. ಮರವನ್ನು ಬಾಗಿಸುವ ಕಲೆಯ ಇತಿಹಾಸವೆಲ್ಲ ಈ ಎರಡು ಅಂಕಿಗಳ ನಡುವಣ ಅಂತರದಲ್ಲಿ ನಡೆದಿದೆ ಎಂದರೂ ತಪ್ಪಾಗದು.

ಅಚ್ಚು ಬರುವುದಕ್ಕೆ ಮುಂಚೆ ಜನ ಬಾಗನ್ನು ಮಾಡುವುದಕ್ಕಿಂತ ಹೆಚ್ಚಾಗಿ ಹುಡುಕುತ್ತಿದ್ದರು. ಯೂರೋಪಿನ ಹಡಗು ಕಟ್ಟುವವರು ಓಕ್ ಮರದ ಕೊಂಬೆ ಕಾಂಡವನ್ನು ಕೂಡುವ ಎಡೆಯಲ್ಲಿ ಹಡಗಿನ ಪಕ್ಕೆಲುಬಿಗೆ ತಕ್ಕ ತುಂಡುಗಳನ್ನು ಆಯ್ದುಕೊಳ್ಳುತ್ತಿದ್ದರು. ನಮ್ಮ ನಾಡಿನ ಬಯಲುಸೀಮೆಯಲ್ಲಿಯೂ ನೇಗಿಲನ್ನು ಮಾಡುವವನು ತಕ್ಕ ಕೋನದಲ್ಲಿ ತಾನಾಗಿ ಬಾಗಿ ಬೆಳೆದ ಜಾಲಿಯ ಕೊಂಬೆಗಾಗಿ ಮರಮರವನ್ನು ನೋಡಿಕೊಂಡು ಬರುವುದು ವಾಡಿಕೆಯಾಗಿದ್ದಿತು. ನಾರು ಕಡಿಯದೆ ಬಾಗಿನ ಜೊತೆಯಲ್ಲಿಯೇ ಹರಿಯುವುದರಿಂದ ಅಂಥ ತುಂಡಿಗೆ ಇರುವ ಬಲ, ನೇರವಾದ ಹಲಗೆಯಿಂದ ಬಾಗಾಗಿ ಕೊರೆದು ತೆಗೆದ ತುಂಡಿಗೆ ಬರಲಾರದು. ಪ್ರಾಚೀನ ಗ್ರೀಕರ ‘ಕ್ಲಿಸ್ಮೋಸ್’ ಎಂಬ ಕುರ್ಚಿಯ ಕಾಲುಗಳು ಹೊರಕ್ಕೆ ಬಳುಕಿದಂತೆ ಇದ್ದುವೆಂಬುದಕ್ಕೆ ಕ್ರಿಸ್ತಪೂರ್ವ ಐದನೆಯ ಶತಮಾನದ ಶಿಲ್ಪಗಳೂ ಮಡಕೆಯ ಚಿತ್ರಗಳೂ ಸಾಕ್ಷಿಯಾಗಿವೆ. ಆ ಕಾಲುಗಳನ್ನು ಬಾಗಿಸಿದರೆ, ಕೊರೆದರೆ, ಅಥವಾ ಬಾಗಿ ಬೆಳೆದ ಮರದಿಂದಲೇ ಆಯ್ದರೆ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆಸರಾದ ವಿಂಡ್ಸರ್ ಕುರ್ಚಿಯ ಬಿಲ್ಲಿನಂಥ ಬೆನ್ನನ್ನು ಹಬೆಯಲ್ಲಿ ಬೇಯಿಸಿದ ಕೋಲಿನಿಂದ, ಗೂಟಗಳನ್ನು ನೆಟ್ಟ ಹಲಗೆಯ ಸುತ್ತ ಬಾಗಿಸುತ್ತಿದ್ದರು. ಅಮೆರಿಕದ ಬಾಸ್ಟನ್ ನಗರದ ಸ್ಯಾಮ್ಯುಎಲ್ ಗ್ರ್ಯಾಗ್ ಎಂಬವನು ೧೮೦೮ ರಲ್ಲಿ ಬಾಗುಮರದ ತನ್ನ ‘ಸ್ಥಿತಿಸ್ಥಾಪಕ ಕುರ್ಚಿ’ಗೆ ಪೇಟೆಂಟನ್ನು ಪಡೆದನು. ಇವೆಲ್ಲ ಸಣ್ಣ ಕಾರ್ಯಾಗಾರಗಳ ಕೆಲಸ. ಇಲ್ಲಿ ಗೂಟದ ಹಲಗೆಯು ಕೈಗೆ ನೆರವಾಗುತ್ತಿದ್ದ ಒಂದು ಮುಟ್ಟು ಮಾತ್ರ. ಅಚ್ಚು ಒಡೆಯನ ಪದವಿಗೆ ಏರಿದುದು ಮುಂದಿನ ಅಧ್ಯಾಯದಲ್ಲಿ.

೩

ಆ ಅಧ್ಯಾಯದ ನಾಯಕ ಮಿಖಾಯೆಲ್ ಥೋನೆಟ್. ಇವನು ೧೭೯೬ ರಲ್ಲಿ ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಊರಿನಲ್ಲಿ ಹುಟ್ಟಿ, ೧೮೧೯ ರಲ್ಲಿ ಅಲ್ಲಿಯೇ ಸ್ವಂತ ಕಾರ್ಯಾಗಾರವನ್ನು ತೆರೆದನು. ೧೮೩೦ರ ದಶಕದಲ್ಲಿ ಇವನು ಮಾಡಿದ ಪ್ರಯೋಗಗಳು ಮರದ ತೆಳುಪದರಗಳನ್ನು ಅಂಟಿನಲ್ಲಿ ನೆನೆಸಿ, ಕಟ್ಟುಮಾಡಿ, ಮರದ ಅಚ್ಚುಗಳಲ್ಲಿ ಬಾಗಿಸುವುದಕ್ಕೆ ಸಂಬಂಧಿಸಿದುವು. ಕೋಬ್ಲೆನ್ಸಿನ ೧೮೪೧ರ ಪ್ರದರ್ಶನದ ಮೂಲಕ ಆಸ್ಟ್ರಿಯದ ಮಂತ್ರಿ ಮೆಟರ್ನಿಕ್ಕನ ಗಮನಕ್ಕೆ ಬಂದು, ಮರುವರ್ಷ ವಿಯೆನ್ನಾ ನಗರವನ್ನು ಸೇರಿ, ಮರವನ್ನು ಬಾಗಿಸುವ ವಿಷಯದಲ್ಲಿ ವಿಶೇಷ ಸನ್ನದನ್ನು ಪಡೆದನು.

ಅಂಟಿನ ವಿಧಾನಕ್ಕೆ ಒಂದು ಮಿತಿಯಿದ್ದಿತು. ಪ್ರಾಣಿಗಳ ತೊಗಲು ಮೂಳೆಗಳಿಂದ ಮಾಡಿದ ಆಗಿನ ಅಂಟು ತೇವದ ಹವೆಯಲ್ಲಿ ಬಿಟ್ಟುಕೊಳ್ಳುತ್ತಿದ್ದಿತು. ಕಡಲಾಚೆಯ ಉಷ್ಣದೇಶಗಳಿಗೆ ಕುರ್ಚಿಗಳನ್ನು ಕಳುಹಬೇಕಾದರೆ ಅಂಟಿಲ್ಲದ ಇಡಿಯ ಕೋಲನ್ನೇ ಬಾಗಿಸುವುದು ಅಗತ್ಯವಾಯಿತು. ಇದಕ್ಕೆ ಥೋನೆಟ್ ಕಂಡುಹಿಡಿದ ಉಪಾಯ ಮೇಲುನೋಟಕ್ಕೆ ಅತಿ ಸರಳವಾದುದು. ಹಬೆಯಲ್ಲಿ ಬೆಂದ ಬೀಚ್ ಮರದ ಕೋಲಿನ ಹೊರಮೈಗೆ ಒಂದು ಲೋಹದ ಪಟ್ಟಿಯನ್ನು ಬಿಗಿದು, ಪಟ್ಟಿಸಹಿತವಾಗಿ ಕೋಲನ್ನು ಬಾಗಿಸಬೇಕು. ಪಟ್ಟಿಯು ಹಿಗ್ಗದೆ ಇರುವುದರಿಂದ ಹೊರಮೈಯ ನಾರುಗಳೂ ಹಿಗ್ಗುವಂತಿಲ್ಲ; ಬಾಗಿನ ಭಾರವೆಲ್ಲವೂ ಒತ್ತಿಕೊಳ್ಳಬಲ್ಲ ಒಳಮೈಯ ಮೇಲೆ ಬೀಳುತ್ತದೆ. ಹಿಂದೆ ಹೇಳಿದ ಎರಡು ಅಂಕಿಗಳ ಅಂತರವನ್ನು ಇಷ್ಟು ಚೊಕ್ಕವಾಗಿ ಬಳಸಿಕೊಂಡ ಉದಾಹರಣೆ ಬೇರೊಂದಿಲ್ಲ. ಬಾಗಿದ ಕೋಲನ್ನು ಕಬ್ಬಿಣದ ಅಚ್ಚಿಗೆ ಬಿಗಿದು ಬಿಸಿಯ ಕೋಣೆಯಲ್ಲಿ ಒಣಗಿಸುತ್ತಿದ್ದರು. ಹಬೆಯಿಂದ ಅಥವಾ ಕುದಿಯುವ ದ್ರವಗಳಿಂದ ಇಡಿಯ ಮರವನ್ನು ಬಾಗಿಸುವ ಈ ವಿಧಾನಕ್ಕೆ ೧೮೫೬ ರಲ್ಲಿ ಸನ್ನದು ದೊರೆಯಿತು.

ಇದೇ ಸುಮಾರಿಗೆ ಮೊರೇವಿಯದ ಕೋರಿಚಾನಿ ಎಂಬಲ್ಲಿ, ಬೀಚ್ ಕಾಡುಗಳ ಸೆರಗಿನಲ್ಲಿ, ಥೋನೆಟ್ ಸಹೋದರರ ಕಾರ್ಖಾನೆ ಆರಂಭವಾಯಿತು. ೧೮೫೯ ರಲ್ಲಿ ಹೊರಬಂದ ‘೧೪ನೆಯ ನಮೂನೆ’ಯ ಕುರ್ಚಿ ಜಗತ್ಪ್ರಸಿದ್ಧವಾದುದು. ಆರು ಮರದ ತುಂಡುಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು — ಇಷ್ಟೇ ಅದರ ಅಂಗಾಂಗಗಳು. ಬಿಡಿಯಾಗಿ ಕಟ್ಟಿದರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ೩೬ ಕುರ್ಚಿಗಳು ಹಿಡಿಯುತ್ತಿದ್ದುವು. ೧೯೩೦ರ ಹೊತ್ತಿಗೆ ಈ ಒಂದು ನಮೂನೆಯೇ ಸುಮಾರು ಐದು ಕೋಟಿಯಷ್ಟು ಮಾರಾಟವಾಗಿದ್ದಿತು. ಬಾಗುಮರದ ಕುರ್ಚಿಯು ಯೂರೋಪಿನ ಕಾಫಿ ಅಂಗಡಿಗಳಿಂದ ಹೊರಟು ಮುಂಬಯಿಯ ಇರಾನಿ ಹೋಟೆಲುಗಳವರೆಗೂ ಬಂದು ನೆಲೆಸಿತು.

ಈ ವಿಜಯದಲ್ಲಿ ಅಚ್ಚಿನ ಪಾತ್ರವೇನು? ಎಲ್ಲ ಕುರ್ಚಿಗಳೂ ಒಂದೇ ಅಳತೆಯವಾದುದರಿಂದ ಯಾವ ಪೆಟ್ಟಿಗೆಯ ಯಾವ ಕಾಲಾದರೂ ಯಾವ ಪೀಠಕ್ಕಾದರೂ ಹೊಂದುತ್ತಿದ್ದಿತು. ಬಾಗಿನ ನಿಖರತೆ ಕೆಲಸಗಾರನ ಕಣ್ಣಿನಿಂದ ಕಬ್ಬಿಣಕ್ಕೆ ವರ್ಗವಾಯಿತು. ಸುತ್ತಣ ಹಳ್ಳಿಗಳ, ಬಡಗಿತನವನ್ನು ಕಲಿಯದ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಇದರಿಂದ ಸಾಧ್ಯವಾಯಿತು. ಬೆತ್ತ ಹೆಣೆಯುವ, ಮೆರುಗು ಕೊಡುವ ಕೆಲಸಗಳಲ್ಲಿ ಹೆಂಗಸರು ಬಹುಸಂಖ್ಯೆಯಲ್ಲಿ ದುಡಿದರು. ಇದು ಅನೇಕರಿಗೆ ಅನ್ನವನ್ನು ಕೊಟ್ಟಿತೆಂಬುದೂ ನಿಜ. ಅನ್ನದ ಕೀಲಿಕೈಯನ್ನು ಅಚ್ಚಿನ ಒಡೆಯನ ಕೈಗೆ ಕೊಟ್ಟಿತೆಂಬುದೂ ನಿಜ. ಸನ್ನದಿನ ಅವಧಿ ೧೮೬೯ ರಲ್ಲಿ ಮುಗಿದೊಡನೆ ಕೋನ್ ಮುಂತಾದ ಸಂಸ್ಥೆಗಳು ಪೈಪೋಟಿಗೆ ಇಳಿದುವಾದರೂ, ಅಚ್ಚುಗಳಿಗೂ ಹಬೆಯ ಯಂತ್ರಗಳಿಗೂ ಹಣ ಹೂಡಬಲ್ಲವರು ಮಾತ್ರ ಈ ಕ್ಷೇತ್ರಕ್ಕೆ ಬರಬಹುದಾಗಿದ್ದಿತು. ಒಂದು ಅಚ್ಚಿನ ವೆಚ್ಚವು ಸಾವಿರಾರು ಕುರ್ಚಿಗಳ ಮೇಲೆ ಹಂಚಿಹೋದಾಗ ಮಾತ್ರ ಕುರ್ಚಿಯ ಬೆಲೆ ಇಳಿಯುತ್ತದೆ. ಆದಕಾರಣ ಅಚ್ಚು ತನ್ನ ಸ್ವಭಾವದಿಂದಲೇ ಏಕರೂಪತೆಯನ್ನು ಬೇಡುತ್ತದೆ.

೪

ಇಪ್ಪತ್ತನೆಯ ಶತಮಾನದಲ್ಲಿ ಅಂಟು ಸುಧಾರಿಸಿತು. ತೆಳುಪದರಗಳ ವಿಧಾನ ಮತ್ತೆ ಮುಂದೆ ಬಂದಿತು. ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ, ಒಟ್ಟೊ ಕೊರ್ಹೊನೆನ್ ಎಂಬ ಕುಶಲಿಯೊಡನೆ ಸೇರಿ ೧೯೩೦ರ ದಶಕದ ಆರಂಭದಲ್ಲಿ ಬರ್ಚ್ ಮರದ ಮೇಲೆ ಪ್ರಯೋಗಗಳನ್ನು ನಡೆಸಿದನು. ಕೋಲಿನ ತುದಿಯನ್ನು ನಾರಿನ ಜಾಡಿನಲ್ಲಿ ಗರಗಸದಿಂದ ಸೀಳಿ, ಸೀಳುಗಳ ನಡುವೆ ಅಂಟು ಸವರಿದ ತೆಳುಪದರಗಳನ್ನು ತೂರಿಸಿ, ಆ ಭಾಗವನ್ನು ಮಾತ್ರ ಬಾಗಿಸಿ ಮಾಡಿದ ಅವನ ಕುರ್ಚಿಯ ಕಾಲು ೧೯೩೩ರ ಮುಕ್ಕಾಲಿಯಿಂದ ಹಿಡಿದು ಇಂದಿನವರೆಗೂ ಬಳಕೆಯಲ್ಲಿದೆ. ಸೀಳಿದ ಭಾಗವು ತೆಳುಪದರದಂತೆ ಬಳುಕುವುದು, ಸೀಳದ ಭಾಗವು ಇಡಿಯ ಮರದಂತೆ ನಿಲ್ಲುವುದು. ಒಂದೇ ಕೋಲಿನಲ್ಲಿ ಎರಡು ಗುಣಗಳನ್ನು ಕೂಡಿಸಿದ ಜಾಣ್ಮೆ ಇದು.

ಅಮೆರಿಕದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ೧೯೪೧ರ ಅನಂತರ ಲಾಸ್ ಏಂಜಲೀಸಿನ ತಮ್ಮ ವಾಸದ ಮನೆಯಲ್ಲಿಯೇ ಒಂದು ಒತ್ತುಯಂತ್ರವನ್ನು ಕಟ್ಟಿಕೊಂಡು, ಗಾರೆಯ ಅಚ್ಚಿಗೆ ಪ್ಲೈವುಡ್ ಪದರಗಳನ್ನು ಸೈಕಲ್ ಪಂಪಿನ ಗಾಳಿಯಿಂದ ಒತ್ತಿ ಬಾಗಿಸಲು ಯತ್ನಿಸಿದರು. ಯುದ್ಧಕಾಲದಲ್ಲಿ ಇವರ ವಿಧಾನ ಗಾಯಗೊಂಡ ಕಾಲುಗಳಿಗೆ ಕಟ್ಟುವ ದಬ್ಬೆಗಳ ತಯಾರಿಕೆಗೆ ಉಪಯೋಗವಾಯಿತು. ಆದರೆ ಬೆನ್ನು, ಪೀಠ ಎರಡನ್ನೂ ಒಂದೇ ಹಾಳೆಯಾಗಿ, ಎರಡು ದಿಕ್ಕುಗಳಲ್ಲಿಯೂ ಏಕಕಾಲಕ್ಕೆ ಬಾಗಿಸುವ ಅವರ ಆಸೆ ಪೂರೈಸಲಿಲ್ಲ. ಬಾಗು ಕಡಿದಾದ ಎಡೆಗಳಲ್ಲಿ ಪದರ ಸೀಳುತ್ತಿದ್ದಿತು. ಕೊನೆಗೆ ಬೆನ್ನನ್ನೂ ಪೀಠವನ್ನೂ ಬೇರೆಬೇರೆಯಾಗಿಯೇ ಮಾಡಿ ಜೋಡಿಸಬೇಕಾಯಿತು. ೧೯೪೬ರ ಹೊತ್ತಿಗೆ ಪ್ರಖ್ಯಾತವಾದ ಅವರ ಕುರ್ಚಿಯ ರೂಪವು ಈ ಸೋಲಿನಿಂದ ಹುಟ್ಟಿದುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಚ್ಚು ಎಷ್ಟೇ ಬಲವಾಗಿ ಒತ್ತಿದರೂ ಮರ ಒಪ್ಪದ ಆಕಾರವನ್ನು ಅದರಿಂದ ಪಡೆಯಲಾಗದು.

೫

ಅಚ್ಚಿನ ಹಂಗನ್ನು ಕಳೆದುಕೊಳ್ಳುವ ಪ್ರಯತ್ನಗಳು ಮೂರು ದಾರಿಗಳಲ್ಲಿ ನಡೆದಿವೆಯೆಂದು ನಾವು ವಿಂಗಡಿಸಬಹುದು. ಮರವನ್ನು ಬೇಕಾದ ಬಾಗಿಗೆ ಬೆಳೆಸುವುದು ಒಂದು. ಕೈಯಿಂದಲೇ ಬಾಗುವಷ್ಟು ಮೆದುಮಾಡುವುದು ಮತ್ತೊಂದು. ಮರ ತಾನಾಗಿ ಬಾಗುವಂತೆ ಏರ್ಪಡಿಸುವುದು ಮೂರನೆಯದು.

ಮೊದಲನೆಯದಕ್ಕೆ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಜಾನ್ ಕ್ರುಬ್ಸ್ಯಾಕ್ ಒಳ್ಳೆಯ ನಿದರ್ಶನ. ಇವನು ೧೯೦೩ ರಲ್ಲಿ ಬಾಕ್ಸ್ ಎಲ್ಡರ್ ಎಂಬ ಜಾತಿಯ ಗಿಡಗಳನ್ನು ಹಾಕಿ, ಅವು ಬೆಳೆಯುತ್ತಿದ್ದಂತೆ ಕಾಂಡಗಳನ್ನು ಬಳುಕಿಸಿ, ಒಂದಕ್ಕೊಂದನ್ನು ಕಸಿಕಟ್ಟಿ, ೧೯೧೪ ರಲ್ಲಿ ಒಂದು ಸಂಪೂರ್ಣ ಕುರ್ಚಿಯನ್ನು ಕಟಾವು ಮಾಡಿದನು. ೧೯೧೫ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಅದನ್ನು ಜನ ಬೆರಗಿನಿಂದ ನೋಡಿದರು. ಕೀಲಿಲ್ಲದ, ಅಂಟಿಲ್ಲದ, ನಾರು ಎಲ್ಲಿಯೂ ಕಡಿಯದ ಕುರ್ಚಿ ಅದು. ಆದರೆ ಅದಕ್ಕೆ ಹಿಡಿದ ಕಾಲ ಹನ್ನೊಂದು ವರ್ಷ. ಅಚ್ಚು ಉಳಿಸಿಕೊಡುತ್ತಿದ್ದುದು ಏನನ್ನು ಎಂಬುದನ್ನು ಈ ಕುರ್ಚಿ ತಿಳಿಸಿಕೊಡುತ್ತದೆ: ಕಾಲವನ್ನು.

ಎರಡನೆಯ ದಾರಿಯಲ್ಲಿ ಹಲವು ಉಪಾಯಗಳಿವೆ. ಹಲಗೆಯ ಒಳಮೈಯಲ್ಲಿ ಗರಗಸದಿಂದ ಸಾಲುಸಾಲಾಗಿ ಅರೆಗೀಟುಗಳನ್ನು ಕೊಯ್ದು ಬಾಗಿಸುವುದು ಹಳೆಯದು. ಅಗ್ಗದ್ದು, ಆದರೆ ಕೊಯ್ದಷ್ಟೂ ಬಲ ಕುಂದುತ್ತದೆ. ಬೆಂದ ಮರವನ್ನು ನಾರಿನ ಉದ್ದಕ್ಕೆ ಶೇಕಡ ೨೦ ರಷ್ಟು ಒತ್ತಿ, ಕೋಶಗಳ ಗೋಡೆಗಳಲ್ಲಿ ತಿದಿಯ ಮಡಿಕೆಗಳಂಥ ಸುಕ್ಕುಗಳನ್ನು ಉಂಟುಮಾಡುವುದು ಇನ್ನೊಂದು. ಹೀಗೆ ಒತ್ತಿದ ಮರವನ್ನು ಅನಂತರ ತಣ್ಣಗಿರುವಾಗಲೇ ಕೈಯಿಂದ ಬೇಕಾದ ಕಡೆಗೆ ಬಾಗಿಸಿ ಒಣಗಿಸಬಹುದು. ೧೯೬೦ರ ದಶಕದಲ್ಲಿ ಅಮೆರಿಕದ ಸಿರಾಕ್ಯೂಸಿನ ಅರಣ್ಯ ಕಾಲೇಜಿನ ಕಾನ್ರಾಡ್ ಶೂರ್ಕ್ ಎಂಬ ರಸಾಯನಶಾಸ್ತ್ರಜ್ಞನು ದ್ರವರೂಪದ ಅಮೋನಿಯದಲ್ಲಿ ನೆನೆಸಿದ ಮರ ಬಳುಕುವ ಪಟ್ಟಿಯಂತಾಗುವುದನ್ನೂ, ಅಮೋನಿಯ ಆರಿಹೋದೊಡನೆ ಹೊಸ ಆಕಾರದಲ್ಲಿಯೇ ಗಟ್ಟಿಯಾಗುವುದನ್ನೂ ತೋರಿಸಿಕೊಟ್ಟನು. ಸೊನ್ನೆಗಿಂತ ೩೩ ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಕುದಿಯುವ, ಕಣ್ಣು ಮೂಗುಗಳನ್ನು ಸುಡುವ ಆ ದ್ರವವನ್ನು ಸಾಮಾನ್ಯ ಬಡಗಿಯ ಅಂಗಳಕ್ಕೆ ತರುವುದು ಸಾಧ್ಯವಿರಲಿಲ್ಲ.

ಈ ದಾರಿಯ ಇತ್ತೀಚಿನ ಮೈಲಿಗಲ್ಲು ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೨೧ ರಲ್ಲಿ ಪ್ರಕಟಿಸಿದ ವಿಧಾನ. ನಾರುಗಳನ್ನು ಬಿಗಿದುಕಟ್ಟುವ ಲಿಗ್ನಿನ್ ಎಂಬ ದ್ರವ್ಯದ ಅರ್ಧಕ್ಕೂ ಮೇಲ್ಪಟ್ಟ ಭಾಗವನ್ನು ರಾಸಾಯನಿಕವಾಗಿ ತೆಗೆದು, ಮರವನ್ನು ಒಣಗಿಸಿ, ಮತ್ತೆ ಕೆಲವೇ ನಿಮಿಷಗಳ ಕಾಲ ನೀರಿನಲ್ಲಿ ಅದ್ದುತ್ತಾರೆ. ಕೋಶದ ಗೋಡೆಗಳು ಆಗ ಸುಕ್ಕುಗಟ್ಟಿಕೊಂಡು, ಮರವನ್ನು ಕಾಗದದಂತೆ ಮಡಿಸುವುದಕ್ಕೂ ತಿರುಚುವುದಕ್ಕೂ ಎಡೆಕೊಡುತ್ತವೆ. ಒಣಗಿದ ಮೇಲೆ ಮರವು ಮೊದಲಿಗಿಂತ ಬಲವಾಗಿರುತ್ತದೆ. ಮೆದುಮಾಡುವ ಈ ಎಲ್ಲ ವಿಧಾನಗಳಲ್ಲಿಯೂ ಬಾಗಿಸುವ ಬಲ ಹೊರಗಿನಿಂದಲೇ ಬರುತ್ತದೆ. ಹಾಗೂ ಮರ ಆರುವವರೆಗೆ ಅದನ್ನು ಯಾವುದಾದರೊಂದು ಆಧಾರದಲ್ಲಿ ಹಿಡಿದಿರಲೇಬೇಕು. ಅಚ್ಚು ಇಲ್ಲಿ ಕೃಶವಾಗಿದೆ, ಮಾಯವಾಗಿಲ್ಲ.

೬

ಮೂರನೆಯ ದಾರಿ ನಿಜವಾಗಿ ಹೊಸದು. ಇದರ ತತ್ವವು ಮಾತ್ರ ಮರದ ಕೆಲಸದಿಂದ ಬಂದುದಲ್ಲ, ಗಡಿಯಾರದ ಕೆಲಸದಿಂದ ಬಂದುದು. ಕಾವಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ಪಟ್ಟಿಗಳನ್ನು ಬೆಸೆದರೆ ಅವು ಬಾಗುತ್ತವೆ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ತನ್ನ ನಾವಿಕ ಗಡಿಯಾರದಲ್ಲಿ ಉಪಯೋಗಿಸಿಕೊಂಡನು. ಆ ಬಾಗಿನ ಗಣಿತವನ್ನು ೧೯೨೫ ರಲ್ಲಿ ಸ್ಟೀಫನ್ ಟಿಮೊಶೆಂಕೊ ಖಚಿತವಾಗಿ ನಿರೂಪಿಸಿದನು. ಇತ್ತ ಪೈನ್ ಮರದ ಕಾಯಿಯ ಹೊರಪೊರೆಗಳು ಒಣಗಿದಾಗ ತೆರೆದುಕೊಂಡು ನೆನೆದಾಗ ಮುಚ್ಚಿಕೊಳ್ಳುವುದೂ ಇಂಥದೇ ಎರಡು ಪದರಗಳ ಜಗ್ಗಾಟದಿಂದ ಎಂಬುದನ್ನು ೧೯೯೭ ರಲ್ಲಿ ಇಂಗ್ಲೆಂಡಿನ ಸಂಶೋಧಕರು ವಿವರಿಸಿದರು. ಮರ ಸತ್ತ ಮೇಲೂ ಅದರ ಅಂಗ ಚಲಿಸಬಲ್ಲುದು. ಚಲಿಸಲು ಬೇಕಾದುದು ಗಾಳಿಯ ತೇವ ಮಾತ್ರ.

ಈ ಎರಡು ತಿಳಿವಳಿಕೆಗಳು ಕೂಡಿದಾಗ ವಿಧಾನ ತಾನಾಗಿ ಹೊಳೆಯುತ್ತದೆ. ಒಂದು ಹಲಗೆಯಲ್ಲಿ ನಾರು ಉದ್ದಕ್ಕೆ ಹರಿಯಲಿ, ಇನ್ನೊಂದರಲ್ಲಿ ಅಡ್ಡಲಾಗಿ ಹರಿಯಲಿ. ಎರಡನೆಯದು ತೇವವಾಗಿರುವಾಗಲೇ ಎರಡನ್ನೂ ಚಪ್ಪಟೆಯಾಗಿ ಅಂಟಿಸಿ ಒಣಗಲು ಬಿಡಬೇಕು. ಅಡ್ಡನಾರಿನ ಹಲಗೆ ಉದ್ದದಲ್ಲಿ ಕುಗ್ಗಲು ಹವಣಿಸುತ್ತದೆ. ಉದ್ದನಾರಿನ ಹಲಗೆ ಅದಕ್ಕೆ ಎಡೆಕೊಡುವುದಿಲ್ಲ. ಪರಿಣಾಮವಾಗಿ ಜೋಡಿಯು ಅಡ್ಡನಾರಿನ ಮಗ್ಗುಲಿಗೆ ಬಾಗುತ್ತದೆ. ಪದರಗಳ ದಪ್ಪ, ನಾರಿನ ಕೋನ, ತೇವದ ಮೊದಲ ಮತ್ತು ಕೊನೆಯ ಪ್ರಮಾಣ, ಮರದ ಜಾತಿ — ಇವು ಗೊತ್ತಿದ್ದರೆ ಬಾಗು ಎಷ್ಟೆಂಬುದನ್ನು ಮೊದಲೇ ಲೆಕ್ಕಹಾಕಬಹುದು. ಜ್ಯೂರಿಕ್ಕಿನ ಮಾರ್ಕುಸ್ ರೂಗ್ಗೆಬೆರ್ಗ್ ಮತ್ತು ಇಂಗೊ ಬುರ್ಗೆರ್ಟ್ ಎಂಬ ವಿಜ್ಞಾನಿಗಳು ೨೦೧೫ ರಲ್ಲಿ ಇಂಥ ಜೋಡಿಪದರಗಳನ್ನು ದೊಡ್ಡ ಗಾತ್ರದಲ್ಲಿಯೂ ಮಾಡಬಹುದೆಂದು ತೋರಿಸಿದರು. ತೆಳುಪದರದ ಎರಡು ಚೂರುಗಳು, ಒಂದಿಷ್ಟು ನೀರು, ತೇವದಲ್ಲಿ ಬಿಡದ ಅಂಟು ಇದ್ದರೆ ಕಾಲೇಜಿನ ತರಗತಿಯಲ್ಲಿಯೂ ಈ ಪ್ರಯೋಗವನ್ನು ಮಾಡಿನೋಡಬಹುದು.

ಜರ್ಮನಿಯ ಷ್ಟುಟ್ಗಾರ್ಟ್ ವಿಶ್ವವಿದ್ಯಾನಿಲಯದಲ್ಲಿ ಆಕಿಮ್ ಮೆಂಗೆಸ್ ಎಂಬ ಪ್ರಾಧ್ಯಾಪಕರ ಬಳಗ ಈ ತತ್ವವನ್ನು ಕಟ್ಟಡಕ್ಕೂ ಪೀಠೋಪಕರಣಕ್ಕೂ ತಂದಿತು. ೨೦೧೯ ರಲ್ಲಿ ರೆಮ್ಸ್ ಕಣಿವೆಯ ಉರ್ಬಾಕ್ ಎಂಬ ಊರಿನ ಬಳಿ ಇವರು ಸ್ವಿಸ್ ಸಂಶೋಧಕರೊಡನೆ ಕೂಡಿ ನಿಲ್ಲಿಸಿದ ಗೋಪುರದ ಎತ್ತರ ೧೪ ಮೀಟರು. ಅದು ಸ್ಪ್ರೂಸ್ ಮರದ ಹನ್ನೆರಡು ಬಾಗಿದ ಭಾಗಗಳಿಂದ ಕೂಡಿದೆ. ಶೇಕಡ ೨೨ರ ತೇವದಲ್ಲಿ ಚಪ್ಪಟೆಯಾಗಿ ಅಂಟಿಸಿದ ಹಲಗೆಗಳು, ತೇವ ಶೇಕಡ ೧೨ಕ್ಕೆ ಇಳಿಯುವವರೆಗೆ ಸಾಮಾನ್ಯವಾದ ಒಣಗಿಸುವ ಕೋಣೆಯಲ್ಲಿದ್ದು, ೨.೪ ಮೀಟರ್ ತ್ರಿಜ್ಯದ ಬಾಗನ್ನು ತಾವಾಗಿಯೇ ಪಡೆದುವು. ಅನಂತರ ಅವನ್ನು ಒಂದರ ಮೇಲೊಂದರಂತೆ ಅಂಟಿಸಿದ್ದರಿಂದ ಬಾಗು ಮತ್ತೆ ಬಿಡದಂತೆ ಭದ್ರವಾಯಿತು. ಕೆಲವು ವರ್ಷಗಳಲ್ಲಿಯೇ ಇದೇ ಬಳಗ ಪೀಠೋಪಕರಣಗಳನ್ನೂ ಮಾಡಿತು. ಒರಗುಕುರ್ಚಿಯ ಭಾಗಗಳು ತೇವಸಹಿತವಾದ ಚಪ್ಪಟೆ ಹಲಗೆಗಳಾಗಿ, ಗಾಳಿಯಾಡದ ಹೊದಿಕೆಯಲ್ಲಿ ಮನೆಗೆ ಬರುತ್ತವೆ. ಹೊದಿಕೆಯನ್ನು ತೆಗೆದರೆ ಕೋಣೆಯ ಹವೆಗೆ ಒಣಗುತ್ತ ಮೆಲ್ಲಮೆಲ್ಲಗೆ ಬಾಗಿ ಕುರ್ಚಿಯ ರೂಪವನ್ನು ತಾಳುತ್ತವೆ. ಥೋನೆಟ್ಟನ ೩೬ ಕುರ್ಚಿಗಳ ಪೆಟ್ಟಿಗೆ ಇಲ್ಲಿ ನೆನಪಿಗೆ ಬಾರದಿರದು. ಅವನು ಬಾಗಿದ ತುಂಡುಗಳನ್ನು ಬಿಡಿಯಾಗಿ ಕಳುಹಿದನು. ಇವರು ಬಾಗುವಿಕೆಯನ್ನೇ ಕಟ್ಟಿ ಕಳುಹುತ್ತಾರೆ.

ಜೆರೂಸಲೆಮ್ಮಿನ ಹೀಬ್ರೂ ವಿಶ್ವವಿದ್ಯಾನಿಲಯದವರು ೨೦೨೨ ರಲ್ಲಿ ಅಮೆರಿಕದ ರಸಾಯನಶಾಸ್ತ್ರ ಸಂಘದ ಸಭೆಯ ಮುಂದಿಟ್ಟ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗರಗಸದ ಹೊಟ್ಟಿನಂಥ ಮರದ ಪುಡಿಯನ್ನು ಗಿಡಗಳಿಂದಲೇ ಪಡೆದ ಅಂಟುದ್ರವ್ಯಗಳೊಡನೆ ಕಲಸಿ, ಯಂತ್ರದ ಮೂತಿಯಿಂದ ಎಳೆಎಳೆಯಾಗಿ ಚಪ್ಪಟೆ ಬಿಲ್ಲೆಗಳನ್ನು ಮುದ್ರಿಸುತ್ತಾರೆ. ಎಳೆಗಳನ್ನು ವರ್ತುಲಗಳಾಗಿ ಹಾಕಿದ ಬಿಲ್ಲೆ ಒಣಗಿದಾಗ ಕುದುರೆಯ ಜೀನಿನಂತೆ ಬಾಗುತ್ತದೆ. ನಡುವಿನಿಂದ ಕಿರಣಗಳಂತೆ ಹಾಕಿದ ಬಿಲ್ಲೆ ಗುಮ್ಮಟದಂತೆ ಉಬ್ಬುತ್ತದೆ. ಈಮ್ಸ್ ದಂಪತಿಗಳಿಗೆ ಅಚ್ಚಿನ ಒತ್ತಡದಿಂದ ದಕ್ಕದಿದ್ದ ಎರಡು ದಿಕ್ಕಿನ ಬಾಗು ಇಲ್ಲಿ ಒಣಗುವಿಕೆಯಿಂದ ಲಭಿಸಿದೆ. ಪ್ರಯೋಗದ ಬಿಲ್ಲೆಗಳು ಚಿಕ್ಕವು. ಕುರ್ಚಿಯ ಭಾರವನ್ನು ಹೊರುವ ಮಾತು ಬೇರೆ.

೭

ಈ ಹೊಸ ವಿಧಾನಗಳನ್ನು ಕುರಿತು ಉತ್ಸಾಹದ ಜೊತೆಗೆ ವಿವೇಕವೂ ಬೇಕು. ಅಚ್ಚು ಹೋಯಿತೆಂದ ಮಾತ್ರಕ್ಕೆ ಪೂರ್ವನಿಶ್ಚಯ ಹೋಗಲಿಲ್ಲ. ಕಬ್ಬಿಣದಲ್ಲಿದ್ದ ಆಕಾರ ಈಗ ನಾರಿನ ದಿಕ್ಕು, ತೇವದ ಪ್ರಮಾಣಗಳ ಲೆಕ್ಕದಲ್ಲಿ ಸೇರಿಕೊಂಡಿದೆ. ಅಚ್ಚಿಗೆ ಹಣ ಹೂಡಬೇಕಾಗಿದ್ದಂತೆ ಈ ಲೆಕ್ಕಕ್ಕೂ, ತೇವವನ್ನು ಅಳೆಯುವ ಸಲಕರಣೆಗೂ, ಪರಿಣತರಿಗೂ ಹಣ ಬೇಕು. ಅನುಕೂಲವಿರುವುದು ಬೇರೆಡೆಯಲ್ಲಿ: ಒಂದು ಬಾಗಿನಂತೆ ಇನ್ನೊಂದು ಬಾಗು ಇರಬೇಕಾದ ನಿರ್ಬಂಧ ಇಲ್ಲಿಲ್ಲ. ಒಂದೇ ಒಂದು ಕುರ್ಚಿಯನ್ನು ಮಾಡುವವನು ಸಾವಿರ ಕುರ್ಚಿಗಳನ್ನು ಮಾಡುವವನಿಗಿಂತ ತುಂಡೊಂದಕ್ಕೆ ಬಹಳ ಹೆಚ್ಚಿನ ವೆಚ್ಚವನ್ನು ಹೊರಬೇಕಾಗಿಲ್ಲ. ಏಕರೂಪತೆಯ ಹಂಗಿನಿಂದ ಚಿಕ್ಕ ಕಾರ್ಯಾಗಾರಕ್ಕೆ ಬಿಡುಗಡೆ ಸಿಗುವ ಸಂಭವ ಇಲ್ಲಿದೆ.

ಮರಗಳ ಶ್ರೇಣಿಯೂ ತಲೆಕೆಳಗಾಗುತ್ತದೆ. ತೇಗಕ್ಕೆ ನಮ್ಮಲ್ಲಿ ಬಂದ ಗೌರವಕ್ಕೆ ಅದರ ಬಾಳಿಕೆಯಂತೆಯೇ ಅದರ ಸ್ಥಿರತೆಯೂ ಕಾರಣ. ಉಂಗುರಗಳ ಜಾಡಿನಲ್ಲಿ ಅದು ಕುಗ್ಗುವುದು ಶೇಕಡ ೬ ರಷ್ಟು ಮಾತ್ರ. ಬೀಚ್ ಮರ ಶೇಕಡ ೧೨ ರಷ್ಟು ಕುಗ್ಗುತ್ತದೆ. ಆ ಚಂಚಲತೆಗಾಗಿ ಅದನ್ನು ಬಾಗಿಲು, ಕಿಟಕಿಗಳ ಕೆಲಸದವರು ದೂರವಿಡುತ್ತಿದ್ದರು. ತಾನಾಗಿ ಬಾಗಬೇಕಾದ ಪದರಕ್ಕೆ ಚಂಚಲವಾದ ಮರವೇ ಉತ್ತಮ, ಸ್ಥಿರವಾದ ಮರ ಅನುಪಯುಕ್ತ. ದೋಷವೆಂದು ಬದಿಗೆ ತಳ್ಳಿದ ಅಗ್ಗದ ಜಾತಿಗಳನ್ನು ಈ ದೃಷ್ಟಿಯಿಂದ ಮತ್ತೆ ಪರೀಕ್ಷಿಸುವುದು ನಮ್ಮ ದೇಶದಲ್ಲಿಯೂ ಅವಶ್ಯಕವಾಗಿದೆ.

ಹವೆಯ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಗಾಳಿಯ ತೇವ ಶೇಕಡ ೬೫ ರಷ್ಟಿದ್ದರೆ ಮರದ ತೇವ ಶೇಕಡ ೧೨ರ ಸುಮಾರಿನಲ್ಲಿ ನಿಲ್ಲುತ್ತದೆ. ಗಾಳಿಯದು ೯೦ಕ್ಕೆ ಏರಿದರೆ ಮರದ್ದು ೨೦ರ ಹತ್ತಿರಕ್ಕೆ ಹೋಗುತ್ತದೆ. ಷ್ಟುಟ್ಗಾರ್ಟಿನ ಬೆಚ್ಚನೆಯ ಕೋಣೆಯಲ್ಲಿ ಬಾಗಿ ನಿಂತ ಕುರ್ಚಿಯನ್ನು ಕರಾವಳಿಯ ಆಷಾಢದ ಮಳೆಯಲ್ಲಿ ತೆರೆದ ಜಗಲಿಯ ಮೇಲಿಟ್ಟರೆ, ಬಾಗನ್ನು ಭದ್ರಪಡಿಸಿಲ್ಲದ ಪಕ್ಷದಲ್ಲಿ, ಅದು ಮತ್ತೆ ಚಪ್ಪಟೆಯಾಗತೊಡಗುವುದು. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಥೋನೆಟ್ಟನ ಅಂಟನ್ನು ಸೋಲಿಸಿದ ಉಷ್ಣದೇಶದ ತೇವವೇ ಇಲ್ಲಿಯೂ ಪರೀಕ್ಷಕನಾಗಿ ನಿಂತಿದೆ. ಉರ್ಬಾಕ್ ಗೋಪುರದಲ್ಲಿ ಮಾಡಿದಂತೆ ಬಾಗಿದ ಪದರಗಳನ್ನು ಪರಸ್ಪರ ಅಂಟಿಸಿ ಬಿಗಿಯುವುದು ಇದಕ್ಕೆ ಸದ್ಯದ ಪರಿಹಾರ.

ಕೊನೆಯದಾಗಿ ಚರಿತ್ರೆಯ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಗಮನಕ್ಕೆ ಒಂದು ವಿಷಯವನ್ನು ತರಬಯಸುತ್ತೇವೆ. ಅಚ್ಚಿನ ಯುಗದಲ್ಲಿ ಮರದ ಚಲನೆಯನ್ನು ಬಲ್ಲವನ ಅಗತ್ಯ ಕಡ ಮೆಯಾಯಿತು. ಯಂತ್ರವೇ ಅದನ್ನು ಅದುಮಿಡುತ್ತಿದ್ದಿತು. ಹೊಸ ವಿಧಾನದಲ್ಲಿ ಆ ತಿಳಿವಳಿಕೆಯೇ ಎಲ್ಲಕ್ಕೂ ಮೂಲಧನ. ಯಾವ ಹಲಗೆ ಯಾವ ಮಗ್ಗುಲಿಗೆ ಸೊಟ್ಟಗಾಗುವುದು, ಯಾವ ತಿಂಗಳಿನಲ್ಲಿ ಕಡಿದ ಮರ ಹೇಗೆ ಒಣಗುವುದು, ಯಾವ ಜಾತಿ ಮಳೆಗಾಲದಲ್ಲಿ ಎಷ್ಟು ಉಬ್ಬುವುದು ಎಂಬುದನ್ನು ನಮ್ಮ ಊರೂರುಗಳ ಬಡಗಿಗಳು ತಲೆಮಾರುಗಳಿಂದ ಕಂಡುಕೊಂಡು ಬಂದಿದ್ದಾರೆ. ಅದರಲ್ಲಿ ಎಷ್ಟು ಭಾಗ ಅಳತೆಗೆ ನಿಲ್ಲುವುದು, ಎಷ್ಟು ಭಾಗ ಬರಿಯ ನಂಬಿಕೆ ಎಂಬುದು ಪರೀಕ್ಷೆಯಿಂದ ತಿಳಿಯತಕ್ಕದ್ದು. ಆದರೆ ಪರೀಕ್ಷಿಸುವುದಕ್ಕೆ ಮುಂಚೆ ಅದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಸೊಟ್ಟಗಾದ ಹಲಗೆಯನ್ನು ಒಲೆಗೆ ಹಾಕುವ ಮುನ್ನ ಅದು ಏಕೆ ಹಾಗಾಯಿತೆಂದು ಹೇಳಬಲ್ಲ ಹಿರಿಯ ಕುಶಲಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನೂ, ಮರದ ನಡೆಯನ್ನು ಹೆಸರಿಸಲು ಅವರು ಬಳಸುವ ಕನ್ನಡದ ಪದಗಳನ್ನೂ ಸಂಗ್ರಹಿಸುವ ಕೆಲಸವನ್ನು ಒಂದೊಂದು ಕಾಲೇಜು ತನ್ನ ಸುತ್ತಣ ಊರುಗಳಲ್ಲಿ ಕೈಕೊಂಡರೆ, ಮುಂದಿನ ಸಂಶೋಧಕರಿಗೆ ಭದ್ರವಾದ ತಳಹದಿಯೊಂದು ದೊರೆತೀತು.